ಕತ್ತರಿಸಿ ತೆಗೆದ ಕಾಲು ಪುನರುತ್ಥಾನದಲ್ಲಿ ವಾಪಸ್ ಬರುತ್ತಾ?

ಗದಗಿನ ಓದುಗ:

ಎಲ್ಲರಿಗೂ ವಂದನೆಗಳು. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳದೆ ಓದಿ.

ನಮ್ಮ ಅವ್ವ ತೀರಿಕೊಂಡು ಮೂರು ತಿಂಗಳಾಯಿತು. ಸಕ್ಕರೆ ಕಾಯಿಲೆ ಇತ್ತು. ಆರು ವರ್ಷದ ಹಿಂದೆ ಕಾಲ್ಬೆರಳಿಗೆ ಆದ ಒಂದು ಸಣ್ಣ ಗಾಯ ಮಾಯಲೇ ಇಲ್ಲ, ಕಪ್ಪಾಗುತ್ತಾ ಮೇಲಕ್ಕೇರಿತು, ಕೊನೆಗೆ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಆಮೇಲೂ ಅವ್ವ ಸುಮ್ನೆ ಕೂತವಳಲ್ಲ. ಸ್ಟೂಲಿನ ಮೇಲೆ ಕೂತು ರೊಟ್ಟಿ ಬಡಿಯುತ್ತಿದ್ದಳು. ವಾಕರ್ ಹಿಡಿದು ಚರ್ಚಿನ ಮೆಟ್ಟಿಲು ಹತ್ತುತ್ತಿದ್ದಳು. ರಾತ್ರಿ ಮಾತ್ರ ಇಲ್ಲದ ಕಾಲು ನೋಯುತ್ತದೆ ಅಂತ ಅಳುತ್ತಿದ್ದಳು. ಬೆರಳೇ ಇಲ್ಲ, ಆದರೂ ಬೆರಳು ಉರಿಯುತ್ತದೆ ಅನ್ನುತ್ತಿದ್ದಳು. ನಾನು ಖಾಲಿ ಹಾಸಿಗೆಯ ಮೇಲೆ ಕೈ ಆಡಿಸಿ, ಕಾಲು ಒತ್ತಿದ ಹಾಗೆ ಮಾಡುತ್ತಿದ್ದೆ.

ಮಣ್ಣು ಮಾಡುವ ದಿನ ಹೊರಗಿನಿಂದ ಬಂದಿದ್ದ ಒಬ್ಬ ಬೋಧಕರು ನಮ್ಮನ್ನು ಸಮಾಧಾನ ಮಾಡಲು, "ಇದು ಬರೀ ಚಿಪ್ಪು, ಇದಕ್ಕೆ ಯಾಕೆ ಅಳುತ್ತೀರಿ, ನಿಮ್ಮ ತಾಯಿ ಈ ಹರಕು ಬಟ್ಟೆ ಕಳಚಿಟ್ಟು ಹೋದರು, ಇನ್ನು ಅವರಿಗೆ ಶರೀರದ ಕಾಟ ಇಲ್ಲ" ಅಂದರು. ಒಳ್ಳೆ ಮನಸ್ಸಿನಿಂದಲೇ ಹೇಳಿದ್ದು, ಅದು ನನಗೆ ಗೊತ್ತು. ಆದರೆ ಆ ಮಾತು ನನ್ನೊಳಗೆ ಮುಳ್ಳಿನ ಹಾಗೆ ಉಳಿದುಬಿಟ್ಟಿದೆ. ಆ ಕೈಯಿಂದಲೇ ಅಲ್ವಾ ಅವಳು ನಮಗೆ ಉಣ್ಣಿಸಿದ್ದು? ಅದು ಬರೀ ಚಿಪ್ಪು ಅಂದರೆ, ನಾನು ಇಷ್ಟು ವರ್ಷ ತೊಳೆದು ಪಟ್ಟಿ ಕಟ್ಟಿದ್ದು ಯಾರಿಗೆ?

ಇನ್ನೊಂದು ಕಡೆ ಪ್ರತಿ ಭಾನುವಾರ ವಿಶ್ವಾಸಪ್ರಮಾಣದಲ್ಲಿ ಶರೀರದ ಪುನರುತ್ಥಾನವನ್ನು, ಅಂದರೆ ಕೊನೆಯ ದಿನ ಸತ್ತವರ ಶರೀರ ಎದ್ದು ಬರುವುದನ್ನು, ನಂಬುತ್ತೇನೆ ಅಂತ ನಾನೇ ಬಾಯಿಬಿಟ್ಟು ಹೇಳುತ್ತೇನೆ. ಆತ್ಮದ ಪುನರುತ್ಥಾನ ಅಂತ ಅಲ್ಲ. ಶರೀರದ್ದು. ಹಾಗಾದರೆ ಚಿಪ್ಪು ಅಂದಿದ್ದು ಹೇಗೆ?

ಕಳೆದ ವಾರ ನನ್ನ ಎಂಟು ವರ್ಷದ ಮಗ ಕೇಳಿದ: "ಅಪ್ಪಾ, ಅಜ್ಜಿಗೆ ಅಲ್ಲಿ ಎರಡೂ ಕಾಲು ಇರುತ್ತಾ? ಆಸ್ಪತ್ರೆಯವರು ತಗೊಂಡ ಕಾಲು ದೇವರಿಗೆ ಹೇಗೆ ಸಿಗುತ್ತೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಕಾಲನ್ನು ಏನು ಮಾಡಿದರು ಅಂತಲೂ ನನಗೆ ಗೊತ್ತಿಲ್ಲ. ಒಂದು ಕಾಗದಕ್ಕೆ ಸಹಿ ಹಾಕಿದ್ದೆ, ಅಷ್ಟೇ. ದಯವಿಟ್ಟು ತಿಳಿದವರು ಹೇಳಿ. ಮಗುವಿಗೆ ಸುಳ್ಳು ಹೇಳುವುದು ನನಗೆ ಬೇಡ.

ಹಳೇ ಬೈಬಲ್:

ತಮ್ಮಾ, ನಿಮ್ಮ ಅವ್ವನ ವಿಷಯ ಓದಿ ಮನಸ್ಸು ಭಾರವಾಯಿತು. ನನಗೆ ಈಗ 67. ನಲವತ್ತು ವರ್ಷ ಭಾನುವಾರ ಶಾಲೆಯಲ್ಲಿ ಪಾಠ ಮಾಡಿದವನು. ತಿಳಿದಷ್ಟು ಹೇಳುತ್ತೇನೆ.

ಮೊದಲು ಒಂದು ಮಾತು. ಚಿಪ್ಪು ಅನ್ನುವುದು ಬೈಬಲಿನ ಮಾತಲ್ಲ. ಅದು ಗ್ರೀಕರ ಕಡೆಯ ಯೋಚನೆ, ಆತ್ಮ ಒಳ್ಳೆಯದು, ಶರೀರ ಅದಕ್ಕೊಂದು ಜೈಲು ಅನ್ನುವಂಥದ್ದು. ಯೇಸುವಿನ ಅಪೊಸ್ತಲ ಪೌಲ ಗ್ರೀಕರ ಊರಾದ ಅಥೇನೆಯಲ್ಲಿ ಸತ್ತವರು ಎದ್ದು ಬರುವ ವಿಷಯ ತೆಗೆದಾಗ ಅಲ್ಲಿಯವರಲ್ಲಿ ಕೆಲವರು ಅಪಹಾಸ್ಯ ಮಾಡಿದರು ಅಂತ ಅಪೊಸ್ತಲರ ಕೃತ್ಯಗಳು 17ರಲ್ಲಿದೆ. ಆತ್ಮ ಉಳಿಯುತ್ತದೆ ಅಂತ ಮಾತ್ರ ಹೇಳಿದ್ದರೆ ಅವರು ಅಷ್ಟು ನಗುತ್ತಿರಲಿಲ್ಲ, ಅದು ಅವರಿಗೆ ಹೊಸದಲ್ಲ. ನಗು ಬಂದಿದ್ದು ಶರೀರ ಏಳುತ್ತದೆ ಅಂದಿದ್ದಕ್ಕೆ.

ಈಗ ಆ ಶರೀರ ಹೇಗಿರುತ್ತದೆ ಅನ್ನುವ ಪ್ರಶ್ನೆ. ನಮ್ಮ ಕೈಯಲ್ಲಿ ಇರುವುದು ಒಂದೇ ಒಂದು ನಮೂನೆ, ಎದ್ದು ಬಂದ ಯೇಸು. ಯೇಸು ಸಮಾಧಿಯಿಂದ ಎಬ್ಬಿಸಿದ ಲಾಜರನನ್ನು ಲೆಕ್ಕಕ್ಕೆ ತಗೋಬೇಡಿ. ಅವನು ಹಳೆ ಶರೀರಕ್ಕೇ ವಾಪಸ್ ಬಂದವನು, ಮತ್ತೆ ಸತ್ತವನು. ನೋಡಿ, ಲಾಜರ ಸಮಾಧಿಯಿಂದ ಬಂದಾಗ ಕೈಕಾಲಿಗೆ ಬಟ್ಟೆ ಸುತ್ತಿಕೊಂಡೇ ಬಂದ, ಬೇರೆಯವರು ಬಿಚ್ಚಬೇಕಾಯಿತು. ಯೇಸುವಿನ ಸಮಾಧಿಯಲ್ಲಿ ಬಟ್ಟೆ ಅಲ್ಲೇ ಬಿದ್ದಿತ್ತು. ಯೋಹಾನ ಈ ಎರಡನ್ನೂ ಬರೆದಿಟ್ಟಿದ್ದು ಸುಮ್ನೆ ಅಲ್ಲ ಅಂತ ನನಗೆ ಯಾವಾಗಲೂ ಅನಿಸುತ್ತದೆ.

ಲೂಕ 24 ತೆಗೆದು ಓದಿ. ಶಿಷ್ಯರು ಭೂತ ಅಂದುಕೊಂಡು ನಡುಗುತ್ತಾರೆ. ಆತ ಹೇಳುತ್ತಾನೆ, ನನ್ನನ್ನು ಮುಟ್ಟಿ ನೋಡಿ, ಭೂತಕ್ಕೆ ಮಾಂಸ ಎಲುಬು ಇರುವುದಿಲ್ಲ ಅಂತ. ಆಮೇಲೆ ತಿನ್ನಲು ಏನಾದರೂ ಇದೆಯಾ ಅಂತ ಕೇಳಿ ಸುಟ್ಟ ಮೀನಿನ ತುಂಡು ತಗೊಂಡು ಅವರೆದುರೇ ತಿನ್ನುತ್ತಾನೆ. ಇನ್ನೊಂದು ಕಡೆ ಬಾಗಿಲು ಹಾಕಿದ್ದಾಗಲೇ ಒಳಗೆ ಬಂದು ನಿಲ್ಲುತ್ತಾನೆ. ಎಮ್ಮಾಹು ಅನ್ನುವ ಊರಿನಲ್ಲಿ ರೊಟ್ಟಿ ಮುರಿದ ಕೂಡಲೇ ಕಣ್ಣಿಗೆ ಕಾಣದೆ ಹೋಗುತ್ತಾನೆ. ಅಂದರೆ ಮುಟ್ಟಬಹುದು, ಉಣ್ಣಬಹುದು, ಆದರೆ ಗೋಡೆ ಬಾಗಿಲು ಅದನ್ನು ತಡೆಯುವುದಿಲ್ಲ. ನಮ್ಮ ಶರೀರಕ್ಕಿಂತ ಕಡಿಮೆಯಾದದ್ದಲ್ಲ ಅದು. ಜಾಸ್ತಿಯಾದದ್ದು. ನಮ್ಮ ದೀನ ಶರೀರವನ್ನು ತನ್ನ ಮಹಿಮೆಯ ಶರೀರದ ಹಾಗೆ ಮಾರ್ಪಡಿಸುತ್ತಾನೆ ಅಂತ ಫಿಲಿಪ್ಪಿ 3:21ರಲ್ಲಿದೆ. ಬದಲಿ ಕೊಡುತ್ತಾನೆ ಅಂತ ಅಲ್ಲ, ಮಾರ್ಪಡಿಸುತ್ತಾನೆ ಅಂತ.

ನೀವು ಗದಗಿನ ಕಡೆಯವರು, ಎರೆಹೊಲ ನೋಡಿ ಬೆಳೆದವರು. 1 ಕೊರಿಂಥ 15ರಲ್ಲಿ ಪೌಲ ಕೊಡುವುದು ಬೀಜದ ಹೋಲಿಕೆ. ಹಿಂಗಾರಿನಲ್ಲಿ ಕೂರಿಗೆಯಿಂದ ಜೋಳ ಬಿತ್ತಿದಾಗ ಮಣ್ಣಿಗೆ ಬೀಳುವುದು ಒಂದು ಒಣ ಕಾಳು. ಸಂಕ್ರಾಂತಿ ಹೊತ್ತಿಗೆ ನಿಂತಿರುವುದು ಆಳೆತ್ತರದ ದಂಟು, ಮೇಲೆ ತೆನೆ. ನೋಡಲು ಒಂದಕ್ಕೊಂದು ಹೋಲಿಕೆಯೇ ಇಲ್ಲ. ಆದರೆ ಬೇರೆ ಯಾವುದೋ ಗಿಡ ತಂದು ನೆಟ್ಟಿದ್ದೂ ಅಲ್ಲ. ಬಿತ್ತಿದ ಕಾಳೇ ಎದ್ದದ್ದು. ನಿಮ್ಮ ಅವ್ವನನ್ನು ನೀವು ಬಿಸಾಡಿಲ್ಲ ತಮ್ಮಾ, ಬಿತ್ತಿದ್ದೀರಿ. ಪೌಲ ಬಳಸುವ ಪದವೂ ಅದೇ.

ಸರಳ ವಿಶ್ವಾಸಿ:

ಹಳೇ ಬೈಬಲ್ ಅವರಿಗೆ ಗೌರವದಿಂದಲೇ ಒಂದು ಮಾತು. ಅದೇ ಅಧ್ಯಾಯದ 50ನೇ ವಚನ ಯಾಕೆ ಬಿಟ್ಟಿರಿ? ರಕ್ತಮಾಂಸ ದೇವರ ರಾಜ್ಯಕ್ಕೆ ಬಾಧ್ಯವಾಗುವುದಿಲ್ಲ ಅಂತ ಸ್ಪಷ್ಟವಾಗಿ ಇದೆ. 44ರಲ್ಲಿ ಆತ್ಮಿಕ ದೇಹ ಅಂತಿದೆ. ಆತ್ಮಿಕ ಅಂದ ಮೇಲೆ ಎಲುಬು, ಕಾಲು ಎಲ್ಲಿಂದ ಬಂತು? ನಾನು ಚಿಕ್ಕಂದಿನಿಂದ ನಂಬಿದ್ದು ಏನೆಂದರೆ, ಪರಲೋಕದಲ್ಲಿ ನಾವು ಬೆಳಕಿನ ಹಾಗೆ ಇರುತ್ತೇವೆ, ದೇವದೂತರ ಹಾಗೆ. ನನ್ನ ಅಣ್ಣ ಕೊನೆಯ ಎರಡು ವರ್ಷ ಕ್ಯಾನ್ಸರಿನಲ್ಲಿ ನರಳಿದ್ದನ್ನು ಕಣ್ಣಾರೆ ನೋಡಿದವನು ನಾನು. ಅವನಿಗೆ ಮತ್ತೆ ಶರೀರ ಕೊಡುತ್ತಾರೆ ಅಂದರೆ ನನಗೆ ಅದು ಸಂತೋಷದ ಸುದ್ದಿ ಅನಿಸುವುದೇ ಇಲ್ಲ. ಬಿಡುಗಡೆ ಅಂದರೆ ಶರೀರದಿಂದ ಬಿಡುಗಡೆ ಅಲ್ವಾ?

ಶಿವಮೊಗ್ಗ ಕಡೆಯವನು:

ನಾನು ಕ್ರೈಸ್ತ ಅಲ್ಲ, ಆದರೂ ಓದುತ್ತಾ ಕೂತೆ. ಅವ್ವನ ಖಾಲಿ ಹಾಸಿಗೆ ಒತ್ತಿದ ಮಾತು ಓದಿ ಕಣ್ಣು ತುಂಬಿತು. ತಿಳಿದುಕೊಳ್ಳಲು ಕೇಳುತ್ತಿದ್ದೇನೆ: ಇದು ನಾವು ಹೇಳುವ ಪುನರ್ಜನ್ಮದ ಹಾಗೆಯೇ? ಹಳೆ ಬಟ್ಟೆ ಬಿಟ್ಟು ಹೊಸ ಬಟ್ಟೆ ತೊಡುವ ಮಾತು ಗೀತೆಯಲ್ಲೂ ಇದೆಯಲ್ಲ. ಅಥವಾ ಸೂಕ್ಷ್ಮ ಶರೀರ ಅನ್ನುತ್ತಾರಲ್ಲ, ಅಂಥದ್ದಾ?

ಹಳೇ ಬೈಬಲ್:

ಶಿವಮೊಗ್ಗದವರೇ, ಕೇಳಿದ್ದು ಒಳ್ಳೆಯದಾಯಿತು. ಎರಡೂ ಅಲ್ಲ. ಪುನರ್ಜನ್ಮದಲ್ಲಿ ಆತ್ಮ ಒಂದೇ, ಶರೀರ ಬೇರೆ ಬೇರೆ, ಅದೂ ಹಲವು ಸಲ. ಇಲ್ಲಿ ಒಂದೇ ಬಾಳು, ಒಂದೇ ಸಾವು, ಅದೇ ಮನುಷ್ಯ, ಅದೇ ಶರೀರ ಎದ್ದು ಬರುವುದು ಒಂದೇ ಸಲ. ಬಟ್ಟೆಯ ಹೋಲಿಕೆ ಪೌಲನಲ್ಲೂ ಇದೆ, 2 ಕೊರಿಂಥ 5ರಲ್ಲಿ. ಆದರೆ ಅವನು ಹೇಳುವುದು ತಿರುಗಾಮುರುಗ. ಕಳಚಿಕೊಳ್ಳುವುದು ನಮಗೆ ಇಷ್ಟವಿಲ್ಲ, ಇದರ ಮೇಲೆ ಇನ್ನೊಂದನ್ನು ತೊಟ್ಟುಕೊಳ್ಳಬೇಕು ಅಂತ ಆಸೆ ಅನ್ನುತ್ತಾನೆ. ಬತ್ತಲೆಯಾಗಿ ಇರುವುದು ಅವನಿಗೆ ಬೇಡ. ಹರಕು ಬಟ್ಟೆ ಬಿಸಾಡಿ ಹೋದರು ಅನ್ನುವ ಆ ಬೋಧಕರ ಮಾತಿಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಗೊತ್ತಿಲ್ಲ.

ಸರಳ ವಿಶ್ವಾಸಿ ಅವರೇ, ನಿಮ್ಮ ಅಣ್ಣನ ನೋವು ನನಗೆ ಅರ್ಥವಾಗುತ್ತದೆ. ವಚನ ಬಿಟ್ಟಿದ್ದಲ್ಲ, ಉದ್ದವಾಗುತ್ತದೆ ಅಂತ ಸುಮ್ಮನಿದ್ದೆ. ರಕ್ತಮಾಂಸ ಅನ್ನುವುದು ಯೆಹೂದ್ಯರ ಒಂದು ನುಡಿಗಟ್ಟು, ಸಾಯುವ ದುರ್ಬಲ ಮನುಷ್ಯ ಅಂತ ಅದರ ಅರ್ಥ. ಮತ್ತಾಯ 16:17ರಲ್ಲಿ ಯೇಸು ಪೇತ್ರನಿಗೆ, ಇದನ್ನು ನಿನಗೆ ತಿಳಿಸಿದ್ದು ರಕ್ತಮಾಂಸವಲ್ಲ ಅನ್ನುತ್ತಾನೆ. ಅಲ್ಲಿ ಯಾವ ಮನುಷ್ಯನೂ ತಿಳಿಸಲಿಲ್ಲ ಅಂತಲೇ ಅರ್ಥ ಅಲ್ವಾ? 50ನೇ ವಚನದ ಎರಡನೇ ಅರ್ಧ ಓದಿ, ಕೊಳೆಯುವಂಥದ್ದು ಕೊಳೆಯದ ಪದವಿಗೆ ಬಾಧ್ಯವಲ್ಲ ಅಂತ ಪೌಲನೇ ಬಿಡಿಸಿ ಹೇಳುತ್ತಾನೆ. 53ಕ್ಕೆ ಹೋಗಿ, ಕೊಳೆಯುವ ಈ ಶರೀರವೇ ಕೊಳೆಯದಿರುವುದನ್ನು ತೊಟ್ಟುಕೊಳ್ಳಬೇಕು ಅಂತಿದೆ. 'ಈ' ಅನ್ನುವ ಪದವನ್ನು 53, 54ನೇ ವಚನಗಳಲ್ಲಿ ಮತ್ತೆ ಮತ್ತೆ ಹೇಳುತ್ತಾನೆ, ತನ್ನ ತೋಳನ್ನೇ ಮುಟ್ಟಿ ತೋರಿಸುತ್ತಿರುವವನ ಹಾಗೆ.

ಆತ್ಮಿಕ ದೇಹಕ್ಕೆ ಬರೋಣ. ಡೀಸೆಲ್ ಪಂಪ್‌ಸೆಟ್ ಅಂದರೆ ಡೀಸೆಲ್ಲಿನಿಂದ ಮಾಡಿದ ಪಂಪ್ ಅಲ್ಲ, ಡೀಸೆಲ್ಲಿನಿಂದ ಓಡುವ ಪಂಪ್. ನಮ್ಮ ಕನ್ನಡ ಬೈಬಲಿನಲ್ಲಿ ಪ್ರಾಕೃತ ದೇಹ ಅಂತ ಇರುವ ಕಡೆ ಗ್ರೀಕಿನಲ್ಲಿ ಇರುವುದು ಪ್ಸುಖಿಕೋನ್, ಅಂದರೆ ಪ್ರಾಣಕ್ಕೆ ಸೇರಿದ್ದು. ಈಗಿನ ನಮ್ಮ ಮೈ ಪ್ರಾಣದಿಂದ ಮಾಡಿದ್ದು ಅಂತ ಯಾರೂ ಹೇಳುವುದಿಲ್ಲ, ಪ್ರಾಣದಿಂದ ನಡೆಯುವಂಥದ್ದು ಅಷ್ಟೇ. ಹಾಗೆಯೇ ಆತ್ಮಿಕ ದೇಹ ದೇವರ ಆತ್ಮದಿಂದ ನಡೆಯುವ ದೇಹ. ರೋಮಾಪುರ 8:11ರಲ್ಲಿ ಇದೇ ಮಾತು. ನಿಮ್ಮ ಅಣ್ಣನಿಗೆ ವಾಪಸ್ ಸಿಗುವುದು ಕ್ಯಾನ್ಸರ್ ತಿಂದ ಆ ಮೈ ಅಲ್ಲ. ಕ್ಯಾನ್ಸರ್ ಕಿತ್ತುಕೊಂಡದ್ದನ್ನು ದೇವರು ಬಿಟ್ಟುಕೊಡುವುದಿಲ್ಲ ಅನ್ನುವುದೇ ನಮ್ಮ ನಂಬಿಕೆ. ರೋಮಾಪುರ 8:23ರಲ್ಲಿ ಪೌಲ ಎದುರುನೋಡುವುದು ದೇಹಕ್ಕೆ ಬಿಡುಗಡೆ, ದೇಹದಿಂದ ಅಲ್ಲ.

ಕ್ಯಾಟೆಕಿಸಂ ಟೀಚರ್:

ನಮಸ್ಕಾರ. ನಾನು ಕಥೋಲಿಕಳು, ಹಾಸನ ಕಡೆಯವಳು. ನೀವು ಪರಲೋಕ ಅನ್ನುವುದನ್ನು ನಾವು ಸ್ವರ್ಗ ಅನ್ನುತ್ತೇವೆ. ಈ ವಿಷಯದಲ್ಲಿ ನಮ್ಮ ನಿಮ್ಮ ನಡುವೆ ಜಗಳ ಕಡಿಮೆ.

ಗದಗಿನ ಅಣ್ಣಾ, ನಿಮ್ಮ ಮಗ ಕೇಳಿದ ಪ್ರಶ್ನೆ ಸಣ್ಣದಲ್ಲ. ಕಾಲು ದೇವರಿಗೆ ಹೇಗೆ ಸಿಗುತ್ತದೆ ಅನ್ನುವುದನ್ನು ಕ್ರೈಸ್ತ ಸಭೆಯ ದೊಡ್ಡ ದೊಡ್ಡವರು ನೂರಾರು ವರ್ಷ ಕೇಳಿಕೊಂಡಿದ್ದಾರೆ. ಕ್ರಿ.ಶ. 177ರಲ್ಲಿ ಈಗಿನ ಫ್ರಾನ್ಸಿನ ಲಿಯೋನ್ ಊರಿನಲ್ಲಿ ಕ್ರೈಸ್ತರನ್ನು ಹಿಂಸಿಸಿ ಕೊಂದರು. ಕೊಂದದ್ದು ಸಾಲದು ಅಂತ ಶವಗಳನ್ನು ಆರು ದಿನ ಬಯಲಲ್ಲಿ ಬಿಟ್ಟು, ಸುಟ್ಟು, ಬೂದಿಯನ್ನು ರೋನ್ ನದಿಗೆ ಗುಡಿಸಿ ಹಾಕಿದರು. ಯಾಕೆ ಗೊತ್ತಾ? ಇವರು ಎದ್ದು ಬರುತ್ತೇವೆ ಅಂತ ನಂಬಿ ಹೆದರದೆ ಸಾಯುತ್ತಾರೆ, ಈಗ ಹೇಗೆ ಏಳುತ್ತಾರೋ ನೋಡೋಣ ಅಂತ. ಉಳಿದ ಕ್ರೈಸ್ತರು ಬರೆದ ಕಾಗದದಲ್ಲಿ ಇದೆಲ್ಲ ಇದೆ, ಸಭೆಯ ಇತಿಹಾಸ ಬರೆದ ಯೂಸೇಬಿಯಸ್ ಅದನ್ನು ಉಳಿಸಿಕೊಟ್ಟಿದ್ದಾನೆ. ಆ ಕಾಗದ ಬರೆದವರ ಕೈಗೆ ಮಣ್ಣು ಮಾಡಲು ಒಂದು ಎಲುಬೂ ಸಿಕ್ಕಿರಲಿಲ್ಲ. ಅದಕ್ಕೆ ಅವರು ತುಂಬ ದುಃಖಪಟ್ಟರು. ಆದರೂ ನಂಬಿಕೆ ಬಿಡಲಿಲ್ಲ. ನಿಮ್ಮ ಸಹಿಯ ಕಾಗದ ನೆನಪಾದಾಗಲೆಲ್ಲ ನೀವು ಇವರನ್ನು ನೆನೆಸಿಕೊಳ್ಳಿ.

ಮೂರನೇ ಶತಮಾನದ ಒರಿಗೆನ್, ಈಜಿಪ್ಟಿನ ಅಲೆಕ್ಸಾಂಡ್ರಿಯದವನು, ಶರೀರವನ್ನು ನದಿಗೆ ಹೋಲಿಸಿದ. ಬದುಕಿರುವಾಗಲೇ ನಮ್ಮ ಮೈಯ ವಸ್ತು ಹರಿದು ಹೋಗುತ್ತಿರುತ್ತದೆ, ಹೊಸದು ಬರುತ್ತಿರುತ್ತದೆ, ಆದರೂ ಅದೇ ಮನುಷ್ಯ. ಇದು ಈಗಿನ ವಿಜ್ಞಾನಕ್ಕೂ ಒಪ್ಪುವ ಮಾತೇ, ನಮ್ಮ ಕೆಂಪು ರಕ್ತಕಣಗಳ ಆಯಸ್ಸು ಸುಮಾರು 120 ದಿನ. ತುಂಗಭದ್ರೆಯ ನೀರು ದಿನಾ ಬೇರೆ, ನದಿ ಅದೇ. ಒರಿಗೆನ್ ಹೇಳಿದ್ದೆಲ್ಲವನ್ನೂ ಸಭೆ ಒಪ್ಪಲಿಲ್ಲ, ಶರೀರವನ್ನು ತೀರಾ ತೆಳ್ಳಗೆ ಮಾಡಿಬಿಟ್ಟ ಅಂತ ಅನೇಕರು ಅವನ ಮೇಲೆ ಸಿಟ್ಟಾದರು. ಆದರೆ ನದಿಯ ಹೋಲಿಕೆ ನನಗೆ ಇಷ್ಟ. ಮಕ್ಕಳಿಗೆ ಹೇಳಿದರೆ ಥಟ್ಟಂತ ಅರ್ಥವಾಗುತ್ತದೆ.

ನಿಮ್ಮ ಪ್ರಶ್ನೆಗೆ ನೇರವಾಗಿ ಉತ್ತರ ಕೊಟ್ಟವನು ಸಂತ ಅಗಸ್ಟೀನ್. ಉತ್ತರ ಆಫ್ರಿಕದ ಹಿಪ್ಪೋದ ಬಿಷಪ್, ಈಗ ಅದು ಅಲ್ಜೀರಿಯದಲ್ಲಿದೆ. ಸುಮಾರು 426ರಲ್ಲಿ ಮುಗಿಸಿದ ದೊಡ್ಡ ಪುಸ್ತಕದ ಕೊನೆಯ ಭಾಗದಲ್ಲಿ ಇಂಥ ಪ್ರಶ್ನೆಗಳನ್ನೇ ಒಂದೊಂದಾಗಿ ಎತ್ತಿಕೊಂಡಿದ್ದಾನೆ. ಕತ್ತರಿಸಿದ ಉಗುರು ಕೂದಲು ಏನಾಗುತ್ತದೆ? ಹಸುಗೂಸಾಗಿ ಸತ್ತವರು ಯಾವ ವಯಸ್ಸಿನಲ್ಲಿ ಏಳುತ್ತಾರೆ? ಒಬ್ಬನನ್ನು ಇನ್ನೊಬ್ಬ ತಿಂದಿದ್ದರೆ ಆ ಮಾಂಸ ಯಾರದು? ಅವನ ಉತ್ತರ ಹೀಗಿದೆ: ವಿಗ್ರಹವನ್ನು ಕರಗಿಸಿ ಮತ್ತೆ ಎರಕ ಹೊಯ್ದರೆ ಮೂಗಿನ ಲೋಹ ಮೂಗಿಗೇ ಹೋಗಬೇಕು ಅಂತಿಲ್ಲ, ಒಟ್ಟು ವಿಗ್ರಹ ಪೂರ್ತಿಯಾಗಿ ಬಂದರೆ ಸಾಕು. ಮಗುವಿಗೆ ಬೆಳೆಯಬೇಕಾಗಿದ್ದ ಮೈ ಸಿಗುತ್ತದೆ. ಇನ್ನು ನಂಬಿಕೆಗಾಗಿ ಪ್ರಾಣ ಕೊಟ್ಟ ಧರ್ಮಸಾಕ್ಷಿಗಳ ಕೈಕಾಲು ಕಡಿದಿದ್ದರೆ? ನಿಮ್ಮ ತಲೆಯ ಒಂದು ಕೂದಲೂ ನಾಶವಾಗುವುದಿಲ್ಲ ಅನ್ನುವ ಯೇಸುಸ್ವಾಮಿಯ ಮಾತು ಹಿಡಿದು, ಆ ಅಂಗಗಳು ಇಲ್ಲದೆ ಅವರು ಏಳುವುದಿಲ್ಲ ಅನ್ನುತ್ತಾನೆ. ಹಾಗಾಗಿ ನಿಮ್ಮ ಮಗನಿಗೆ ಹೌದು ಅಂತ ಹೇಳಿ. ಅಜ್ಜಿಗೆ ಎರಡೂ ಕಾಲು ಇರುತ್ತವೆ. ಇದು ಸುಳ್ಳಲ್ಲ, ಸಭೆ 1600 ವರ್ಷದಿಂದ ಹೇಳಿಕೊಂಡು ಬಂದಿದ್ದು.

ಇನ್ನೊಂದನ್ನು ಹೇಳದೆ ಇರಲಾರೆ. ಹದಿಮೂರನೇ ಶತಮಾನದ ಸಂತ ತೋಮಸ್ ಅಕ್ವಿನಾಸ್ ಇದೇ 1 ಕೊರಿಂಥ 15ಕ್ಕೆ ಟಿಪ್ಪಣಿ ಬರೆಯುವಾಗ, ನನ್ನ ಆತ್ಮ ನಾನಲ್ಲ ಅನ್ನುತ್ತಾನೆ. ಆತ್ಮಕ್ಕೆ ಮಾತ್ರ ರಕ್ಷಣೆ ಸಿಕ್ಕಿದರೆ ನನಗೆ ಸಿಕ್ಕಿದ ಹಾಗಲ್ಲ. ಈಗ ನಿಮ್ಮ ಅವ್ವ ದೇವರ ಹತ್ತಿರ ಇದ್ದಾರೆ, ಯೇಸುಸ್ವಾಮಿ ಪಕ್ಕದ ಶಿಲುಬೆಯ ಮೇಲಿದ್ದ ಕಳ್ಳನಿಗೆ ಈಹೊತ್ತೇ ನನ್ನ ಸಂಗಡ ಇರುತ್ತೀಯ ಅಂತ ಮಾತು ಕೊಟ್ಟ ಹಾಗೆ. ಆದರೆ ಕಥೆ ಅಲ್ಲಿಗೆ ಮುಗಿದಿಲ್ಲ. ಆ ದಿನದ ತನಕ ಅವರೂ ಕಾಯುತ್ತಿದ್ದಾರೆ, ನಾವೂ ಕಾಯುತ್ತಿದ್ದೇವೆ.

ಮೂರು ಗಾಲಿ:

ಇಲ್ಲಿ ನಾನು ಸ್ವಲ್ಪ ತಡೆಯಬೇಕು. ನನಗೆ ಎರಡು ವರ್ಷ ಇದ್ದಾಗ ಪೋಲಿಯೊ ಬಂತು. ಈಗ 49. ಮೂರು ಗಾಲಿಯ ಸ್ಕೂಟರಿನಲ್ಲಿ ಓಡಾಡುತ್ತೇನೆ, ಕೆಲಸಕ್ಕೆ ಹೋಗುತ್ತೇನೆ, ಇಬ್ಬರು ಮಕ್ಕಳಿದ್ದಾರೆ.

ಗದಗಿನವರ ಅವ್ವನಿಗೆ ಕಾಲು ಇತ್ತು, ಹೋಯಿತು, ವಾಪಸ್ ಬರಲಿ ಅನ್ನುವ ಆಸೆ ನ್ಯಾಯವಾದದ್ದು. ಇಲ್ಲದ ಕಾಲಿನ ಉರಿಯಂತೂ ಯಾರಿಗೂ ಬೇಡ. ಆದರೆ ನನಗೆ ಚಿಕ್ಕಂದಿನಿಂದ ಪ್ರಾರ್ಥನಾ ಕೂಟಗಳಲ್ಲಿ ಎಲ್ಲರೂ ಹೇಳಿದ್ದು ಇದೊಂದೇ: "ಚಿಂತೆ ಮಾಡಬೇಡ, ಪರಲೋಕದಲ್ಲಿ ನೀನು ಓಡುತ್ತೀಯ." ಯೆಶಾಯ 35 ಓದುತ್ತಿದ್ದರು, ಕುಂಟನು ಜಿಂಕೆಯ ಹಾಗೆ ಹಾರುವನು ಅಂತ. ಪ್ರೀತಿಯಿಂದ ಹೇಳಿದ್ದು. ಆದರೆ ನನ್ನ ಕಿವಿಗೆ ಅದು ಹೇಗೆ ಬೀಳುತ್ತಿತ್ತು ಅಂದರೆ, ಈಗಿರುವ ನಾನು ದೇವರು ಮುಗಿಸದೆ ಬಿಟ್ಟ ಕೆಲಸ, ಅಲ್ಲಿ ಹೋದ ಮೇಲೆ ಸರಿ ಮಾಡುತ್ತಾನೆ ಅನ್ನುವ ಹಾಗೆ. ಈ ಕಾಲುಗಳಿಂದಲೇ ನಾನು ನಾನಾದದ್ದು. ಇವು ಇಲ್ಲದ ನನ್ನನ್ನು ನನ್ನ ಮಕ್ಕಳೂ ಗುರುತಿಸಲಾರರು, ನಾನೂ ಗುರುತಿಸಲಾರೆ.

ಅಮೆರಿಕದಲ್ಲಿ ನ್ಯಾನ್ಸಿ ಈಸ್‌ಲಂಡ್ ಅಂತ ಒಬ್ಬರಿದ್ದರು, ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದರು, 2009ರಲ್ಲಿ ತೀರಿಕೊಂಡರು. ಅವರಿಗೆ ಹುಟ್ಟಿನಿಂದಲೇ ಎಲುಬಿನ ತೊಂದರೆ, ಚಿಕ್ಕ ವಯಸ್ಸಿನಲ್ಲೇ ಆಪರೇಷನ್ ಮೇಲೆ ಆಪರೇಷನ್. 1994ರಲ್ಲಿ ಅವರು ಒಂದು ಪುಸ್ತಕ ಬರೆದು ಎದ್ದು ಬಂದ ಕ್ರಿಸ್ತನ ಕೈಕಾಲಿನ ಗಾಯಗಳ ಕಡೆ ಬೆರಳು ತೋರಿಸಿದರು. ಯೋಚನೆ ಮಾಡಿ. ಸಾವನ್ನೇ ಗೆದ್ದ ಶರೀರ ಅದು. ಬಾಗಿಲು ಹಾಕಿದ್ದರೂ ಒಳಗೆ ಬರುವ ಶರೀರ. ಆ ಮೊಳೆಯ ತೂತುಗಳನ್ನು ಮುಚ್ಚಿಕೊಳ್ಳುವುದು ಕಷ್ಟವಾಗಿತ್ತಾ? ಮುಚ್ಚಲಿಲ್ಲ. ನಂಬದಿದ್ದ ಶಿಷ್ಯ ತೋಮನಿಗೆ ಬೆರಳು ಇಟ್ಟು ನೋಡು ಅಂದ. ಆತನ ಗುರುತೇ ಅದು.

ಹಳೆ ಒಡಂಬಡಿಕೆಯ ಯಾಕೋಬನನ್ನೂ ನೋಡಿ. ರಾತ್ರಿಯೆಲ್ಲ ದೇವರ ಜೊತೆ ಹೋರಾಡಿ ಆಶೀರ್ವಾದ ತಗೊಂಡು ಹೊರಟಾಗ ಕುಂಟುತ್ತಿದ್ದ. ಆಶೀರ್ವಾದ ಬಂದ ಮೇಲೆ ಕುಂಟು ಹೋಗಲಿಲ್ಲ, ಆಗಲೇ ಬಂದದ್ದು.

ನಾನು ಓಡುತ್ತೇನೋ ಇಲ್ಲವೋ ದೇವರಿಗೆ ಬಿಟ್ಟಿದ್ದು. ನೋವು ಇರುವುದಿಲ್ಲ ಅಂತ ಪ್ರಕಟನೆ 21:4ರಲ್ಲಿ ಇದೆ, ಅದನ್ನು ಗಟ್ಟಿಯಾಗಿ ನಂಬುತ್ತೇನೆ. ಮೆಟ್ಟಿಲು ನೋಡಿ ವಾಪಸ್ ಹೋಗುವ ಅವಮಾನವೂ ಇರುವುದಿಲ್ಲ. ಆದರೆ ಎಲ್ಲರನ್ನೂ ಒಂದೇ ಅಚ್ಚಿನಲ್ಲಿ ಹಾಕಿ ತೆಗೆಯುತ್ತಾನೆ ಅಂತ ಮಾತ್ರ ಹೇಳಬೇಡಿ.

ಕ್ಯಾಟೆಕಿಸಂ ಟೀಚರ್:

ಮೂರು ಗಾಲಿ ಅಣ್ಣಾ, ನಿಮ್ಮದನ್ನು ಎರಡು ಸಲ ಓದಿದೆ. ನಾನೂ ಮಕ್ಕಳಿಗೆ ಅದೇ ಜಿಂಕೆಯ ವಚನ ಹೇಳಿಕೊಟ್ಟಿದ್ದೇನೆ. ನಮ್ಮ ಕ್ಲಾಸಿನಲ್ಲಿ ಕಣ್ಣು ಕಾಣದ ಒಬ್ಬಳು ಹುಡುಗಿ ಇದ್ದಳು, ಅವಳಿಗೆ ಆ ಮಾತು ಹೇಗೆ ಕೇಳಿಸಿತೋ ಅಂತ ಈಗ ಅನಿಸುತ್ತಿದೆ. ಇಷ್ಟು ಬಿಚ್ಚಿ ಬರೆದದ್ದಕ್ಕೆ ನಿಮಗೆ ಋಣಿ.

ಅಗಸ್ಟೀನ್ ಹೇಳಿದ್ದನ್ನು ನಾನು ಅರ್ಧ ಮಾತ್ರ ಬರೆದಿದ್ದೆ. ಅದೇ ಜಾಗದಲ್ಲಿ ಅವನು, ಧರ್ಮಸಾಕ್ಷಿಗಳ ಮೈಮೇಲಿನ ಗಾಯದ ಗುರುತುಗಳನ್ನು ಅಲ್ಲಿ ನೋಡಬೇಕು ಅಂತ ನಮಗೆ ಆಸೆ, ಬಹುಶಃ ನೋಡುತ್ತೇವೆ ಅನ್ನುತ್ತಾನೆ. ಅದು ಕುರೂಪ ಅಲ್ಲ, ಗೌರವ. ಕಡಿದ ಕೈ ವಾಪಸ್ ಬಂದಿರುತ್ತದೆ, ಆದರೆ ಕಡಿದ ಜಾಗದಲ್ಲಿ ಗುರುತು ಉಳಿದಿರುತ್ತದೆ. ನಿಮ್ಮ ಮಾತಿಗೆ ಇದು ಪೂರ್ತಿ ಉತ್ತರ ಅಂತ ನಾನು ಹೇಳುವುದಿಲ್ಲ. ನಿಮಗೆ ಪೋಲಿಯೊ ಬಂದದ್ದು ಯಾರೋ ಕಡಿದ ಗಾಯ ಅಲ್ಲ, ಅದು ನಿಮ್ಮ ಬಾಳೇ ಆಗಿದೆ. ಆದರೆ ಬಾಳಿದ್ದೆಲ್ಲ ಒರೆಸಿ ಹೋಗುವುದಿಲ್ಲ ಅಂತ ಅವನಿಗೂ ಅನಿಸಿತ್ತು.

ಗದಗಿನ ಓದುಗ:

ಎಲ್ಲರ ಉತ್ತರವನ್ನೂ ಓದಿದೆ. ಬಿತ್ತಿದ್ದೀರಿ ಅನ್ನುವ ಮಾತು ಓದಿ ತುಂಬ ಹೊತ್ತು ಹೊರಗೆ ಕಟ್ಟೆಯ ಮೇಲೆ ಕೂತಿದ್ದೆ. ಮೂರು ಗಾಲಿ ಸರ್, ನಿಮ್ಮ ಮಾತು ಓದಿದ ಮೇಲೆ ಮಗನಿಗೆ ಹೇಗೆ ಹೇಳಬೇಕು ಅನ್ನುವುದೂ ಬದಲಾಯಿತು.

ಇನ್ನೆರಡು ವಿಷಯ. ಅಪ್ಪನಿಗೆ ಈಗ 78. ಇದನ್ನೆಲ್ಲ ಅವರಿಗೆ ಓದಿ ಹೇಳಿದೆ. ಸುಮ್ಮನೆ ಕೇಳಿ, "ಆಕಿ ನನ್ನ ಗುರುತು ಹಿಡೀತಾಳೇನು?" ಅಂತ ಒಂದೇ ಮಾತು ಕೇಳಿದರು. 51 ವರ್ಷ ಸಂಸಾರ ಮಾಡಿದವರು. ಎರಡನೆಯದು, ಅಪ್ಪ ತಮ್ಮ ಕಣ್ಣು ದಾನ ಮಾಡಬೇಕು ಅಂತ ಹಿಂದೆಯೇ ಅಂದುಕೊಂಡಿದ್ದರು. ಈಗ ಯಾರೋ ಸಂಬಂಧಿಕರು, ಕಣ್ಣು ಕೊಟ್ಟರೆ ಅಲ್ಲಿ ಕುರುಡನಾಗಿ ಏಳುತ್ತೀಯ ಅಂತ ಹೆದರಿಸಿದ್ದಾರೆ.

ಹಳೇ ಬೈಬಲ್:

ಕಣ್ಣಿನ ವಿಷಯ ಮೊದಲು ಮುಗಿಸುತ್ತೇನೆ, ಅದು ಸುಲಭ. ಬೂದಿಯಾಗಿ ನದಿ ಸೇರಿದವರನ್ನು ಎಬ್ಬಿಸುವ ದೇವರಿಗೆ ಎರಡು ಕಣ್ಣು ಕಷ್ಟವಲ್ಲ. ಮಣ್ಣಿನಲ್ಲಿ ಇಟ್ಟ ಕಣ್ಣೂ ಮಣ್ಣೇ ಆಗುತ್ತದೆ. ಧೈರ್ಯವಾಗಿ ಕೊಡಲಿ.

ಕ್ಯಾಟೆಕಿಸಂ ಟೀಚರ್:

ನಮ್ಮಲ್ಲೂ ಅಷ್ಟೇ. 2000ನೇ ಇಸವಿಯಲ್ಲಿ ಜಗದ್ಗುರು (ಪೋಪ್) ಎರಡನೇ ಜಾನ್ ಪಾಲ್ ರೋಮಿನಲ್ಲಿ ಅಂಗ ಕಸಿಯ ವೈದ್ಯರ ಸಮ್ಮೇಳನದಲ್ಲಿ ಮಾತಾಡುತ್ತಾ ಅಂಗದಾನವನ್ನು ಪ್ರೀತಿಯ ಕೆಲಸ ಅಂತಲೇ ಹೊಗಳಿದರು. ಶವ ಸುಡುವುದಕ್ಕೂ 1963ರಿಂದ ಅನುಮತಿ ಇದೆ, ಪುನರುತ್ಥಾನವನ್ನು ಅಲ್ಲಗಳೆಯಲು ಅಂತ ಮಾಡಬಾರದು ಅಷ್ಟೇ. ಬೂದಿಯನ್ನು ಚೆಲ್ಲಬೇಡಿ, ಪವಿತ್ರ ಜಾಗದಲ್ಲಿಡಿ ಅಂತ 2016ರಲ್ಲಿ ಮತ್ತೆ ಹೇಳಿದರು. ದೇವರಿಗೆ ಹುಡುಕುವುದು ಕಷ್ಟ ಅಂತ ಅಲ್ಲ, ಆ ಶರೀರಕ್ಕೆ ಮರ್ಯಾದೆ ಇದೆ ಅಂತ.

ಹಳೇ ಬೈಬಲ್:

ಅಪ್ಪನ ಪ್ರಶ್ನೆಗೆ ನಾನು ನಿನ್ನೆ ರಾತ್ರಿಯೆಲ್ಲ ಯೋಚಿಸಿದೆ. ನನ್ನ ಹೆಂಡತಿ ಹೋಗಿ ನಾಲ್ಕು ವರ್ಷ. ಹಾಗಾಗಿ ಇದು ನನ್ನ ಪ್ರಶ್ನೆಯೂ ಹೌದು.

ಕಷ್ಟದ ಮಾತನ್ನು ಮುಚ್ಚಿಡುವುದಿಲ್ಲ. ಏಳು ಜನ ಅಣ್ಣತಮ್ಮಂದಿರನ್ನು ಒಬ್ಬರಾದ ಮೇಲೆ ಒಬ್ಬರಂತೆ ಮದುವೆಯಾದ ಹೆಂಗಸು ಅಲ್ಲಿ ಯಾರ ಹೆಂಡತಿ ಅಂತ ಸದ್ದುಕಾಯರು ಅನ್ನುವ ಯೆಹೂದ್ಯ ಪಂಗಡದವರು ಕೇಳಿದಾಗ, ಪುನರುತ್ಥಾನದಲ್ಲಿ ಮದುವೆ ಆಗುವುದೂ ಇಲ್ಲ, ಮಾಡಿಕೊಡುವುದೂ ಇಲ್ಲ, ದೇವದೂತರ ಹಾಗೆ ಇರುತ್ತಾರೆ ಅಂದ ಯೇಸು. ಮತ್ತಾಯ 22:30. ಸರಳ ವಿಶ್ವಾಸಿ ಅವರು ನೆನಪಿಸಿದ್ದು ಇದೇ ಇರಬೇಕು. ಆದರೆ ಆ ಮಾತು ಮದುವೆಯ ಬಗ್ಗೆ. ಶರೀರ ಇಲ್ಲ ಅಂತಲೂ ಅಲ್ಲ, ಪ್ರೀತಿ ಇಲ್ಲ ಅಂತಲೂ ಅಲ್ಲ, ಗುರುತು ಇಲ್ಲ ಅಂತಲೂ ಅಲ್ಲ. ನನಗೆ ಈ ವಚನ ಓದಿದರೆ ಈಗಲೂ ಒಂದು ಕ್ಷಣ ಗಂಟಲು ಕಟ್ಟುತ್ತದೆ. ಅದನ್ನು ಸುಲಭ ಮಾಡಿ ಹೇಳಲು ನನಗೆ ಬರುವುದಿಲ್ಲ.

ಗುರುತಿನ ವಿಷಯ ಮಾತ್ರ ಬೇರೆ. ಎದ್ದು ಬಂದ ಯೇಸುವನ್ನು ಮೊದಲ ನೋಟಕ್ಕೆ ಎಷ್ಟೋ ಸಲ ಅವರು ಗುರುತಿಸಲಿಲ್ಲ. ಎಮ್ಮಾಹುವಿನ ದಾರಿಯಲ್ಲಿ ಇಬ್ಬರು ಜೊತೆಗೇ ನಡೆದರೂ ಗೊತ್ತಾಗಲಿಲ್ಲ, ರೊಟ್ಟಿ ಮುರಿಯುವ ಕೈ ನೋಡಿ ಗೊತ್ತಾಯಿತು. ಕೆರೆಯ ದಡದಲ್ಲಿ ಬಲೆ ತುಂಬ 153 ಮೀನು ಬಂದಾಗ ಗೊತ್ತಾಯಿತು, ಹಿಂದೆಯೂ ಒಮ್ಮೆ ಹಾಗೆ ಆಗಿತ್ತಲ್ಲ. ಮಗ್ದಲದ ಮರಿಯಳು ಎದುರಿಗೆ ನಿಂತವನನ್ನು ತೋಟದವನು ಅಂದುಕೊಂಡು ಮಾತಾಡುತ್ತಿದ್ದಳು. ಆತ ಮರಿಯಳೇ ಅಂತ ಹೆಸರು ಹಿಡಿದು ಕರೆದ. ಅಷ್ಟೇ, ತಿರುಗಿ ರಬ್ಬೂನಿ, ಅಂದರೆ ಗುರುವೇ, ಅಂದಳು. ಮುಖ ನೋಡಿ ಅಲ್ಲ, ಕರೆದ ದನಿ ಕೇಳಿ. ನಿಮ್ಮ ಅಪ್ಪನಿಗೆ ಇದನ್ನು ಓದಿ ಹೇಳಿ ತಮ್ಮಾ, ಯೋಹಾನ 20:16.

ಸರಳ ವಿಶ್ವಾಸಿ:

ನನ್ನ ಅಣ್ಣ ನನ್ನನ್ನು ಒಂದು ಅಡ್ಡಹೆಸರಿನಿಂದ ಕರೆಯುತ್ತಿದ್ದ. ಬೇರೆ ಯಾರಿಗೂ ಅದು ಗೊತ್ತಿಲ್ಲ. ನಾನು ಹೇಳಿದ್ದನ್ನು ಪೂರ್ತಿ ವಾಪಸ್ ತಗೋಳಲು ಇನ್ನೂ ಮನಸ್ಸು ಒಪ್ಪುತ್ತಿಲ್ಲ, ಆದರೆ ರೋಮಾಪುರ 8 ಮತ್ತೆ ಓದುತ್ತಿದ್ದೇನೆ.

ಗದಗಿನ ಓದುಗ:

ಅಪ್ಪನಿಗೆ ಓದಿ ಹೇಳಿದೆ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಾ ಆಕಿನ್ನ ಹೆಸರು ಹಿಡಿದು ಕರದಿದ್ದೇ ಇಲ್ಲಲ್ಲೋ, 'ಕೇಳಿಲ್ಲಿ' ಅಂತಿದ್ದೆ" ಅಂದರು. ನಮ್ಮ ಕಡೆ ಹಿಂದಿನವರು ಹಾಗೇ, ಹೆಂಡತಿ ಹೆಸರು ಬಾಯಲ್ಲಿ ಬರುವುದಿಲ್ಲ. ಅವರಿಗೆ ಬೇಜಾರಾಯಿತೇನೋ ಅಂತ ನಾನು ಹೆದರಿದೆ. ಸ್ವಲ್ಪ ಹೊತ್ತು ಬಿಟ್ಟು ಅವರೇ, "ಹಂಗ ಕರದ್ರ ಸಾಕು. ಆಕಿ ತಿರುಗಿ ನೋಡ್ತಾಳ" ಅಂದರು.

ಮಗನಿಗೆ ಹೇಳಿದ್ದು ಇಷ್ಟು: ಅಜ್ಜಿಗೆ ಎರಡೂ ಕಾಲು ಇರುತ್ತವೆ, ನೋವು ಇರುವುದಿಲ್ಲ, ಎಡಗಾಲಿನಲ್ಲಿ ಒಂದು ಗುರುತು ಇದ್ದರೂ ಇರಬಹುದು, ಯೇಸುವಿನ ಕೈಯಲ್ಲಿ ಇದೆಯಲ್ಲ ಹಾಗೆ. ಅವನು, "ಹಾಗಾದರೆ ನಾನು ಅಜ್ಜಿಯ ಗುರುತು ಹಿಡಿಯಬಹುದು" ಅಂದ.

ಅಪ್ಪ ಕಣ್ಣಿನ ಫಾರ್ಮಿಗೆ ಸಹಿ ಹಾಕಿದರು. ಸಾಕ್ಷಿಗೆ ಇನ್ನೊಂದು ಸಹಿ ಬೇಕು, ನಾಳೆ ಚರ್ಚಿಗೆ ಹೋದಾಗ ನಮ್ಮ ಅಯ್ಯನವರ ಹತ್ತಿರ ಹಾಕಿಸುತ್ತೇನೆ.